ಬೆಳಗಾವಿ ಅಂತ ಬರೆಸಿದವಳು

ಕರೀಮುನ್ನಿಸಾ ನಮ್ಮ ಗಲ್ಲಿಗೆ ಬಂದದ್ದು ೧೯೮೧ರ ಬೇಸಿಗೆಯಲ್ಲಿ. ಕೋಟೆಯ ಕಂದಕಕ್ಕೆ ಹತ್ತಿರದ ಗಲ್ಲಿ ಅದು. ಮೂಲೆಯದು ನಮ್ಮ ಮನೆ, ಅದರ ಗೋಡೆಗೆ ಅಂಟಿಕೊಂಡದ್ದು ಸರದಾರಸಾಬನ ಮನೆ. ಸರದಾರಸಾಬ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಅಚ್ಚು ಕಟ್ಟುವ ಕೆಲಸಗಾರ. ಅವನ ತಂಗಿ ಈಕೆ. ಹುಟ್ಟಿ ಬೆಳೆದದ್ದು ಖಾನಾಪುರದಲ್ಲಿ, ಪಾಸ್‌ಪೋರ್ಟು ಮಾತ್ರ ಪಾಕಿಸ್ತಾನದ್ದು. ರಿಕ್ಷಾದಿಂದ ಇಳಿದಾಗ ಅವಳ ಹತ್ತಿರ ಇದ್ದದ್ದು ಒಂದು ಟ್ರಂಕು ಮತ್ತು ಹಳೇ ಚಾದರದಲ್ಲಿ ಸುತ್ತಿದ ಹೊಲಿಗೆ ಮಶೀನು. ಎಷ್ಟೋ ದಿನದಿಂದ ನಿದ್ದೆಯಿಲ್ಲದ ಮುಖ. ಗಲ್ಲಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತು ನೋಡಿದರು. ನಾನೂ ನೋಡಿದೆ, ಸುಳ್ಳೇಕೆ ಹೇಳಲಿ.

ನಾನು ಕುಮುದಿನಿ, ಹೆಣ್ಣುಮಕ್ಕಳ ಸಾಲೆಯಲ್ಲಿ ಟೀಚರು. ಗಲ್ಲಿಯವರಿಗೆ ಯಾವ ಅರ್ಜಿ ಬರೆಯಬೇಕಿದ್ದರೂ ನನ್ನ ಹತ್ತಿರವೇ ಬರುತ್ತಾರೆ, ನಾನು ಬೈದುಕೊಂಡೇ ಬರೆದುಕೊಡುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ಎಲ್ಲರಿಗೂ ಗೊತ್ತು. ಗಲ್ಲಿಯವರೆಲ್ಲ ಕರೀಮಾಬೀ ಎಂದು ಕರೆದ ಈಕೆಗೆ ಮಾತ್ರ ನನ್ನ ಸಿಟ್ಟು ತಟ್ಟುತ್ತಿರಲಿಲ್ಲ. ನಾನು ಕೂಗಾಡುವಷ್ಟು ಹೊತ್ತೂ ಅವಳು ಸೂಜಿಗೆ ದಾರ ಪೋಣಿಸುತ್ತ ಕೂತಿದ್ದು, ನಾನು ಸುಮ್ಮನಾದ ಮೇಲೆ "ಆತೇನ್ರೀ ಬಾಯಾರ?" ಎನ್ನುತ್ತಿದ್ದಳು.

ಅವಳ ಮದುವೆ ಆದದ್ದು ೧೯೫೫ರಲ್ಲಿ. ಗಂಡ ದೂರದ ಸಂಬಂಧಿ, ಕರಾಚಿಯಲ್ಲಿ ದರ್ಜಿ. ಆಗ ಕರಾಚಿ ಎಂದರೆ ಮುಂಬೈಯಲ್ಲಿ ಹಡಗು ಹತ್ತಿ ಹೋಗುವ ಊರು, ಅಷ್ಟೇ. ಹೋಗಿಬಂದು ಮಾಡುವ ದೂರ ಎಂದೇ ಎಲ್ಲರೂ ತಿಳಿದಿದ್ದರು. ಆಮೇಲೆ ಯುದ್ಧ ಬಂತು, ಹಡಗು ನಿಂತಿತು, ಟಪಾಲು ನಿಂತಿತು. ಮತ್ತೊಂದು ಯುದ್ಧ ಬಂತು. ಅಪ್ಪ ತೀರಿಕೊಂಡ ಸುದ್ದಿ ಅವಳಿಗೆ ತಲುಪುವ ಹೊತ್ತಿಗೆ ವರ್ಷ ಕಳೆದಿತ್ತು. ಮಕ್ಕಳಾಗಲಿಲ್ಲ. ಗಂಡ ಸತ್ತ ಮೇಲೆ ಮೈದುನನ ಮಕ್ಕಳು ಚೆನ್ನಾಗಿಯೇ ನೋಡಿಕೊಂಡರಂತೆ, ಊಟಕ್ಕೆ ಮೊದಲು ಅವಳಿಗೇ ಬಡಿಸುತ್ತಿದ್ದರಂತೆ. "ಪಾವಣ್ಯಾರಿಗೆ, ಬಂದ ಬೀಗರಿಗೆ ಬಡಿಸಿದಂಗ ಬಡಿಸ್ತಿದ್ರು. ಎಷ್ಟ ದಿನಾ ಪಾವಣ್ಯಾಳಾಗಿ ಉಣ್ಣೂದು?" ಎಂದಳು ಒಮ್ಮೆ.

ಊರಿಗೆ ಬರಬೇಕೆಂದರೆ ಅವಳ ಎದುರು ಇದ್ದದ್ದು ಎರಡು ನಮೂನೆಯ ವೀಸಾ. ಈ ಕಥೆಯನ್ನು ಅವಳು ನಮ್ಮ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತ ಹೇಳಿದ್ದು.

"ಒಂದು ಸಣ್ಣದು, ಒಂದು ದೊಡ್ಡದು. ಸಣ್ಣದು ಬರೇ ಭೆಟ್ಟಿ ಆಗಿ ಬರೂದಕ್ಕ. ಅದರಾಗ ನಾಕ ಊರಿನ ಹೆಸರು ಬರಸಬೌದು, ಆದ್ರ ತಿಂಗಳೊಪ್ಪತ್ತಿಗೆ ತಿರುಗಿ ಹೋಗಬೇಕು. ದೊಡ್ಡದು ಇರಾಕ. ವರ್ಷಾ ವರ್ಷಾ ನವೀಕರಣ ಮಾಡಿಸಿಕೋತ ಇರೂದು. ಅದಕ್ಕ ಒಂದ ಊರು, ಒಂದ ಮನಿ, ಜಾಮೀನಿಗೆ ಒಬ್ಬ ಮನಶ್ಯಾ."

"ಮತ್ತ ನೀವು?"

"ನಾನು ಲೈನಿನ್ಯಾಗ ನಿಂತು ನಿಂತು ಕಾಲು ಬಾತಿದ್ದು ಬಾಯಾರ. ಸಣ್ಣದು ತಗೊಂಡ್ರ ಮತ್ತ ತಿರುಗಿ ಇದ ಲೈನು. ದೊಡ್ಡದ ಕೊಡ್ರಿ ಅಂದೆ. ಕಾರಕೂನ ಕೇಳಿದ, ಯಾವೂರು? ಬೆಲಗಾಮ್ ಅಂದೆ. ಬ್ಯಾರೆ ಏನರೆ ಬರೀಬೇಕೇನು ಅಂದ. ಅಷ್ಟ ಸಾಕು ಅಂದೆ."

ನಮ್ಮ ಕಡೆಯವರೆಲ್ಲ ಮಾಡುವ ತಪ್ಪು ಇದು. ಖಾನಾಪುರದವನು ಊರು ಬಿಟ್ಟು ಎಲ್ಲಿಗೇ ಹೋಗಲಿ, ಯಾವೂರು ಎಂದರೆ ಬೆಳಗಾವಿ ಎನ್ನುತ್ತಾನೆ. ಖಾನಾಪುರ ಎಂದರೆ ಯಾರಿಗೆ ಗೊತ್ತಾಗಬೇಕು? ಅದೂ ಅಲ್ಲದೆ ಅದನ್ನು ಬೇರೆ ಊರು ಎಂದು ಅವರು ತಿಳಿದಿರುವುದೇ ಇಲ್ಲ. ಬೆಳಗಾದರೆ ರೈಲಿನಲ್ಲಿ ಬಂದು ಕೆಲಸ ಮಾಡಿ ಸಂಜೆಗೆ ಹೋಗುವವರು, ಹಾಲಿನವರು, ಕಾಲೇಜಿನ ಹುಡುಗರು, ಎಲ್ಲರಿಗೂ ಅದು ಬೆಳಗಾವಿಯ ಹಿತ್ತಲು. ಕರೀಮಾಬೀಯೂ ಹಾಗೆಯೇ ತಿಳಿದಳು. ಜಾಮೀನು ಕೊಡಲು ಪಗಾರದ ನೌಕರಿ ಇದ್ದವನು ಅಣ್ಣನೊಬ್ಬನೇ, ಗಂಡ ಸತ್ತವಳು ಬಂದು ಇರಬೇಕಾದದ್ದೂ ಅಣ್ಣನ ಮನೆಯಲ್ಲೇ. ಅಣ್ಣನ ವಿಳಾಸ ಬರೆಸಿದಳು. ಆದರೆ ಅವಳು ಬಂದದ್ದು ಅಕ್ಕನಿಗಾಗಿ. ಆ ಅಕ್ಕ ಶಾಹಜಾನಬಿ ಇದ್ದದ್ದು ಖಾನಾಪುರದಲ್ಲಿ, ಇವರೆಲ್ಲ ಹುಟ್ಟಿದ ಮನೆಯಲ್ಲಿ.

ತಾಯಿ ಸತ್ತಾಗ ಕರೀಮಾಬೀ ಇನ್ನೂ ಹಾಲು ಕುಡಿಯುವ ಕೂಸು. ಶಾಹಜಾನಬಿಯೇ ಎತ್ತಿ ಆಡಿಸಿ ಬೆಳೆಸಿದವಳು. ಅಣ್ಣ ತಂಗಿ ಇಬ್ಬರೂ ಅವಳನ್ನು ಆಪಾ ಎನ್ನುತ್ತಿದ್ದರು, ಕೊನೆಗೆ ನಾವೂ ಆಪಾ ಎನ್ನುವಂತಾಯಿತು. ಅವಳ ಗಂಡ ಮೌಲಾಸಾಬ ಹಂಚಿನ ಭಟ್ಟಿಯಲ್ಲಿ ದಿನಗೂಲಿಗಿದ್ದ. ಸರದಾರಸಾಬ ಫೌಂಡ್ರಿಗೆಂದು ಬೆಳಗಾವಿ ಸೇರಿದ ಮೇಲೆ ಹಳೇ ಮನೆ ಅವರ ಪಾಲಿಗೆ ಉಳಿದಿತ್ತು.

ಬಂದ ಮರುದಿನವೇ ಪೊಲೀಸರ ಹತ್ತಿರ ಹಾಜರಿ ಹಾಕಿಸಬೇಕು. ನನ್ನನ್ನು ಜೊತೆಗೆ ಕರೆದರು. ವಿದೇಶದವರ ಕಾಗದ ನೋಡುತ್ತಿದ್ದ ಹವಾಲ್ದಾರ ಸಿದ್ದಪ್ಪ ಕೆಟ್ಟವನೇನಲ್ಲ. ಕನ್ನಡಕ ಹಣೆಗೇರಿಸಿ ನಿಧಾನವಾಗಿ ಓದಿ, ಸಹಿ ತೆಗೆದುಕೊಂಡ. ಕರೀಮಾಬೀ ಖುಷಿಯಿಂದ, "ಬರೂ ಐತವಾರ ಖಾನಾಪುರಕ್ಕ ಹೋಗತೀನ್ರಿ, ಆಪಾನ ಮನಿಗೆ" ಎಂದಳು.

ಸಿದ್ದಪ್ಪ ಕನ್ನಡಕ ಕೆಳಗಿಳಿಸಿದ. "ಹೋಗಾಕ ಬರೂದಿಲ್ಲರೀ ಅವ್ವಾರ. ಬೆಳಗಾವಿ ಶಹರ ಅಂತ ಐತಿ ಇದರಾಗ. ಶಹರದ ಹದ್ದು ದಾಟಬೇಕಾದ್ರ ಮ್ಯಾಲಿನ ಕಚೇರಿ ಪರವಾನಿಗಿ ಬೇಕು."

"ಖಾನಾಪುರ ಬೆಳಗಾವಿಯಾಗ ಬರತೈತಲ್ರಿ."

"ಜಿಲ್ಲಾದಾಗ ಬರತೈತ್ರಿ. ಶಹರದಾಗ ಬರೂದಿಲ್ಲ."

ನಾನು ಬಾಯಿಗೆ ಬಂದದ್ದು ಅಂದೆ. ಕರಾಚಿಯಿಂದ ಲಾಹೋರ, ಅಮೃತಸರ, ದಿಲ್ಲಿ ದಾಟಿ ಬಂದವಳಿಗೆ ಒಂದು ತಾಸಿನ ಬಸ್ಸಿನ ದಾರಿ ಬಂದ್ ಮಾಡುತ್ತೀರಲ್ಲ, ನಿಮಗೆ ತಲೆ ಇದೆಯೇ ಎಂದೆ. ಸಿದ್ದಪ್ಪ ಕೇಳಿಸಿಕೊಂಡು, "ನಾ ಬರದಿಲ್ಲರೀ ಬಾಯಾರ, ನಾ ಬರೇ ಓದಾಂವ" ಎಂದ. ಪರವಾನಿಗೆಯಿಲ್ಲದೆ ಹೋದದ್ದು ಗೊತ್ತಾದರೆ ವೀಸಾ ರದ್ದು, ದೇಶ ಬಿಡಬೇಕು, ಜಾಮೀನು ಕೊಟ್ಟವನ ಮೇಲೆ ಕೇಸು ಎಂಬುದನ್ನೂ ಮೆಲ್ಲಗೆ ಹೇಳಿದ. ಹೊರಗೆ ಬಂದು ಕರೀಮಾಬೀ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿದಳು. ನಾನು ರಿಕ್ಷಾ ಕರೆದೆ.

ಮೊದಲ ಎರಡು ವರ್ಷ ಹೇಗೋ ನಡೆಯಿತು, ಯಾಕೆಂದರೆ ಆಪಾನೇ ಬರುತ್ತಿದ್ದಳು. ರವಿವಾರದ ಬೆಳಗಿನ ಗಾಡಿಗೆ ಬಂದಿಳಿದು, ಗಲ್ಲಿಯ ಬಾಯಿಂದಲೇ ಕೂಗು ಹಾಕುತ್ತಿದ್ದಳು. ಬೇಸಿಗೆಯಾದರೆ ಕವಳಿ ಹಣ್ಣು, ಮಳೆಗಾಲವಾದರೆ ಕಾಡಿನ ಅಣಬೆ ತರುತ್ತಿದ್ದಳು. ಬಾಯಿ ದೊಡ್ಡದು, ನಗು ಇನ್ನೂ ದೊಡ್ಡದು. "ನನ್ನ ತಂಗಿ ಅಲ್ಲಿಂದ ಇಲ್ಲಿತನಕ ಬಂದ್ಲು, ಇಲ್ಲಿಂದ ಖಾನಾಪುರಕ್ಕ ಬರಾಕ ಕಾಲ ನೋಯತಾವಂತ!" ಎಂದು ಗಲ್ಲಿಗೆಲ್ಲ ಕೇಳುವಂತೆ ಅಣಕಿಸುತ್ತಿದ್ದಳು. ಮನೆಯಲ್ಲಿ ಅವರು ದಖನಿ ಉರ್ದು ಮಾತಾಡುವರು, ನಾನು ಹೋದರೆ ಕನ್ನಡಕ್ಕೆ ಹೊರಳುವರು. ಸಂಜೆಯ ಗಾಡಿಗೆ ಆಪಾ ಹೊರಟಾಗ ಕರೀಮಾಬೀ ಸ್ಟೇಷನ್ನಿನ ತನಕ ಹೋಗಿ ಕಳಿಸಿಬರುತ್ತಿದ್ದಳು. ಉಳಿದ ದಿನ ಮಶೀನಿನ ಮುಂದೆ ಕೂತು ಗಲ್ಲಿಯವರ ಬ್ಲೌಸು ಹೊಲಿಯುವುದು. ನನ್ನ ಬ್ಲೌಸುಗಳ ತೋಳು ಆ ವರ್ಷಗಳಲ್ಲಿ ಸರಿಯಾಗಿ ಕೂತಷ್ಟು ಮುಂದೆಂದೂ ಕೂರಲಿಲ್ಲ.

ಎಂಬತ್ತಮೂರರ ಮಳೆಗಾಲ ಮುಗಿಯುವಾಗ ಆಪಾಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು, ಬಾಯಿ ಒಂದು ಬಾಜು ಎಳೆಯಿತು. ಬೆಳಗಾವಿಯ ದವಾಖಾನೆಗೇ ತಂದರು. ಕೇಳಿದರೆ ಕೆಟ್ಟದ್ದೆನಿಸಬಹುದು, ಆದರೆ ಕರೀಮಾಬೀ ಬಂದಾಗಿನಿಂದ ಅವಳನ್ನು ಅಷ್ಟು ನೆಮ್ಮದಿಯಿಂದ ನಾನು ನೋಡಿದ್ದು ಆ ದವಾಖಾನೆಯ ದಿನಗಳಲ್ಲಿಯೇ. ಹಗಲೂ ರಾತ್ರಿಯೂ ಅಕ್ಕನ ಮಂಚದ ಕೆಳಗೆ ಚಾಪೆ. ಗಂಜಿ ಕುಡಿಸುವುದು, ಹೊರಳಿಸುವುದು, ಬೆನ್ನಿಗೆ ಪುಡಿ ಹಚ್ಚುವುದು. ಡಾಕ್ಟರು ಇನ್ನು ಮಾಡುವುದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದಾಗ ಎಲ್ಲರ ಮುಖವೂ ಕರೀಮಾಬೀಯ ಕಡೆ ತಿರುಗಿತು. ಯಾವ ಮನೆಗೆ?

"ನಮ್ಮಲ್ಲೆ ಇರಲಿ" ಎಂದ ಸರದಾರಸಾಬ. ಆಪಾ ಎಡಗೈ ಅಲ್ಲಾಡಿಸಿದಳು. ಮಾತು ತೊದಲುತ್ತಿತ್ತು, ಆದರೂ ತಿಳಿಯುತ್ತಿತ್ತು: ನನ್ನ ಮನೆಗೆ ಒಯ್ಯಿರಿ. ತಂಗಿಯ ಕಡೆ ನೋಡಿ, ನೀನೂ ಬಾ ಎನ್ನುವಂತೆ ಸನ್ನೆ ಮಾಡಿದಳು. ಕರೀಮಾಬೀ ತಲೆಯಾಡಿಸಿ ಬರುತ್ತೇನೆ ಎಂದಳು. ಅಂದುಬಿಟ್ಟಳು, ಅಷ್ಟೇ.

ಅಂದಿನಿಂದ ನಮ್ಮಿಬ್ಬರ ಅಲೆದಾಟ ಶುರುವಾಯಿತು. ಖಾನಾಪುರಕ್ಕೆ ಹೋಗಿ ರೋಗಿಯನ್ನು ನೋಡಿಕೊಳ್ಳಲು ಪರವಾನಿಗೆ ಕೇಳಿ ನಾನು ಅರ್ಜಿ ಬರೆದೆ. ಡಾಕ್ಟರ ಚೀಟಿ ಬೇಕೆಂದರು, ತಂದೆವು. ಚೀಟಿ ಇಂಗ್ಲಿಷಿನಲ್ಲಿದೆ ಸರಿ, ಸಿಕ್ಕೆ ಇಲ್ಲ ಎಂದರು, ಹೊಡೆಸಿ ತಂದೆವು. ಅರ್ಜಿ ಬೆಂಗಳೂರಿಗೆ ಹೋಗಿದೆ ಎಂದರು. ಅಲ್ಲಿಂದ ಮೇಲಕ್ಕೆ ಹೋಗಿದೆ ಎಂದರು. ಮೇಲೆ ಎಂದರೆ ಎಲ್ಲಿ ಎಂದು ನಾನು ಕೇಳಿದರೆ ಸಿದ್ದಪ್ಪ ಸುಮ್ಮನೆ ಛತ್ತಿನ ಕಡೆ ನೋಡುವನು. ನಾವು ಹೋದಾಗೆಲ್ಲ ಅವನು ಚಹಾ ತರಿಸಲು ಶುರು ಮಾಡಿದ; ಅವನು ಚಹಾ ಹೇಳಿದ ಎಂದರೆ ಇವತ್ತೂ ಏನೂ ಬಂದಿಲ್ಲ ಎಂದು ತಿಳಿದುಕೊಳ್ಳುವುದು ನಮಗೆ ರೂಢಿಯಾಯಿತು. ಕರೀಮಾಬೀ ಬೆಂಚಿನ ಮೇಲೆ ಕೂತಲ್ಲೇ ತೂಕಡಿಸುವಳು. ಸಾಲೆ ಬಿಟ್ಟು ಓಡಿಬಂದ ನನಗೂ ಕಣ್ಣು ಎಳೆಯುತ್ತಿತ್ತು. ಸಿಟ್ಟು ಮಾಡಿಕೊಳ್ಳಲಿಕ್ಕೂ ಮೈಯಲ್ಲಿ ಕಸುವಿರಬೇಕು, ಅದೇ ನನ್ನಲ್ಲಿ ಉಳಿದಿರಲಿಲ್ಲ.

ನಡುವೆ ಎರಡು ಸಲ ನಾನೇ ಖಾನಾಪುರಕ್ಕೆ ಹೋಗಿ ಔಷಧ ಕೊಟ್ಟುಬಂದೆ. ಆಪಾ ಬಾಗಿಲ ಕಡೆಗೆ ಮುಖ ಮಾಡಿ ಮಲಗಿದ್ದಳು. ನನ್ನ ಹಿಂದೆ ಇನ್ನೊಬ್ಬರು ಬಂದಾರೇನೋ ಎಂದು ಸ್ವಲ್ಪ ಹೊತ್ತು ನೋಡಿ, ಆಮೇಲೆ ನನ್ನನ್ನು ನೋಡಿ ನಕ್ಕಳು. ಎರಡನೇ ಸಲ ಹೋಗಿಬಂದ ದಿನ ನನಗೆ ತಡೆಯಲಾಗಲಿಲ್ಲ.

"ಸಾಕಾತು ಕರೀಮಾಬೀ. ನಾಳೆ ನಾಡದ ಅನಬ್ಯಾಡ್ರಿ. ಬುರ್ಖಾ ಹಾಕ್ಕೊಂಡ್ರ ಬಸ್ಸಿನ್ಯಾಗ ಯಾರು ಗುರುತ ಹಿಡೀತಾರ? ನಾ ಬಾಜೂಕ ಕುಂದರತೀನಿ. ಮುಂಜಾನೆ ಹೋಗೂಣು, ಸಂಜಿಕ ಬರೂಣು."

ಸರದಾರಸಾಬ ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದ. ಹೊರಗೆ ಬಂದ. ಕೈಗೆ ಹತ್ತಿದ ಕಪ್ಪು ಮಣ್ಣು ತೊಳೆದರೂ ಹೋಗಿರಲಿಲ್ಲ.

"ಬಾಯಾರ, ನಿಮಗ ಕೈ ಮುಗೀತೀನಿ, ಆಕಿ ತಲ್ಯಾಗ ಇದನ್ನ ಹಾಕಬ್ಯಾಡ್ರಿ. ಜಾಮೀನ್ ಕಾಗದದ ಮ್ಯಾಲ ನನ್ನ ಸಹಿ ಐತಿ. ಹೋದ ತಿಂಗಳ ಫೌಂಡ್ರಿಗೆ ಪೋಲೀಸ್ರು ಬಂದು ನನ್ನ ವಿಚಾರಿಸಿ ಹೋದ್ರು. ಮಾಲಕ ಏನೂ ಅನಲಿಲ್ಲ, ಬರೇ ನೋಡಿದ. ಇನ್ನೊಮ್ಮಿ ಬಂದ್ರ ನನ್ನ ಕೆಲಸ ಹೋತು. ಈಕಿನ್ನ ತಿರುಗಿ ಗಡೀ ದಾಟಸ್ತಾರ. ಅಲ್ಲೆ ಈಕಿಗೆ ಯಾರ್ರೀ ಅದಾರ?" ತಂಗಿಯ ಕಡೆ ತಿರುಗಿದ. "ಮುನ್ನಿ, ಆಪಾ ನನಗೂ ಆಪಾನ. ಆದ್ರ ನೀ ಹೋಗಬ್ಯಾಡ. ನಾ ಬ್ಯಾಡ ಅಂದ್ರ ಬ್ಯಾಡ."

"ನಾ ಎಲ್ಲಿ ಹೋಗತೀನಿ ಅಂದೆ, ಭಾಯಿ?" ಎಂದಳು ಕರೀಮಾಬೀ. ಮಶೀನಿಗೆ ಎಣ್ಣೆ ಬಿಡುತ್ತಿದ್ದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎಂದು ನನಗನಿಸಿತು.

ಇದನ್ನೆಲ್ಲ ಖಾನಾಪುರದಲ್ಲಿ ಆಪಾಗೆ ಯಾರು ಹೇಳಿದರೋ ತಿಳಿಯದು. ಸರದಾರಸಾಬನೇ ಹೇಳಿರಬೇಕು. ಎಂಬತ್ತನಾಲ್ಕರ ಜನವರಿ ಮುಗಿಯುತ್ತ ಬಂದಿತ್ತು, ಅರ್ಜಿಗೆ ಇನ್ನೂ ಉತ್ತರವಿರಲಿಲ್ಲ. ಆಪಾ ಊಟ ಬಿಟ್ಟಳು. ಹಟಮಾರಿ ಹೆಂಗಸು, ಮಾತಿಗಿಂತ ಸನ್ನೆಯಲ್ಲೇ ಗಂಡನಿಗೆ ಸ್ಪಷ್ಟ ಹೇಳಿದಳಂತೆ: ಅವಳಿಗೆ ಬರಲಿಕ್ಕೆ ಆಗದಿದ್ದರೆ ನನ್ನನ್ನೇ ಅಲ್ಲಿಗೆ ಒಯ್ಯಿ. ಮೌಲಾಸಾಬ ಎರಡು ದಿನ ತಡೆದ. ಮೂರನೆಯ ದಿನ, ರವಿವಾರ, ಭಟ್ಟಿಯ ಹಂಚು ಸಾಗಿಸುವ ಟೆಂಪೋ ಕೇಳಿ ಪಡೆದು, ಅದರಲ್ಲಿ ಹುಲ್ಲು ಹರಡಿ, ಗಾದಿ ಹಾಸಿ, ಹೆಂಡತಿಯನ್ನು ಮಲಗಿಸಿಕೊಂಡು ಹೊರಟ.

ಬರುತ್ತಾರೆಂದು ಬೆಳಿಗ್ಗೆಯೇ ಸುದ್ದಿ ಬಂದಿತ್ತು. ಕರೀಮಾಬೀ ಮಶೀನನ್ನು ಎತ್ತಿ ನಮ್ಮ ಮನೆಯಲ್ಲಿಟ್ಟು, ತನ್ನ ಕೋಣೆ ಸಾರಿಸಿ, ಮಂಚವನ್ನು ಕಿಟಕಿಗೆ ಹತ್ತಿರ ಎಳೆದಳು. ಗಂಜಿ ಒಲೆಯ ಮೇಲಿತ್ತು. ಎರಡು ಸಲ ಗಲ್ಲಿಯ ಬಾಯಿಗೆ ಹೋಗಿಬಂದಳು. ಟೆಂಪೋ ಬಂದು ನಿಂತಾಗ ಓಡಿದಳು. ಮೌಲಾಸಾಬ ಹಿಂದೆ ಗಾದಿಯ ಹತ್ತಿರ ಕೂತಿದ್ದವನು ಇಳಿಯಲೇ ಇಲ್ಲ. 

"ಹಾದಿಯಾಗ ದೇಸೂರ ದಾಟಿದ ಮ್ಯಾಲ ಉಸರ ನಿಂತಿತು" ಎಂದ. "ನಾ ಗಾಡಿ ತಿರುಗಿಸಲಿಲ್ಲ. ಇಲ್ಲಿಗೇ ಬರೂದಿತ್ತಲ್ಲ ಆಕಿ."

ಮಣ್ಣು ಖಾನಾಪುರದಲ್ಲಿಯೇ ಆಗಬೇಕು, ಅಪ್ಪ ಅವ್ವ ಇರುವ ಖಬರಸ್ತಾನದಲ್ಲಿ, ಎಂದು ಗಂಡಸರು ಮಾತಾಡಿಕೊಂಡರು. ಆದರೆ ಮೈ ತೊಳೆಯುವುದು ಇಲ್ಲಿಯೇ ಆಗಲಿ ಎಂದ ಮೌಲಾಸಾಬ. ಹೆಣ್ಣಿನ ಮೈಯನ್ನು ಹೆಂಗಸರೇ ತೊಳೆಯಬೇಕು, ಅದರಲ್ಲೂ ಹತ್ತಿರದವರು. ಅಂಗಳದಲ್ಲಿ ಸುತ್ತ ಚಾದರ ಕಟ್ಟಿದರು. ಗಲ್ಲಿಯ ಇಬ್ಬರು ಹೆಂಗಸರು ನೀರು ಕೊಟ್ಟರು, ತೊಳೆದವಳು ಕರೀಮಾಬೀ. ನಾನು ಚಾದರದ ಈಚೆ ಕೂತಿದ್ದೆ. ನೀರಿನ ಸಪ್ಪಳ, ಅವಳು ಮೆಲ್ಲಗೆ ಏನೋ ಪಠಿಸುವ ಸಪ್ಪಳ. ಹೊರಗೆ ಬಂದಾಗ ಮೊಣಕೈತನಕ ಒದ್ದೆ. ನನ್ನ ಪಕ್ಕದಲ್ಲಿ ಕೂತಳು.

"ಕೂದಲಾ ಹೆಣದೆ ಬಾಯಾರ. ಸಣ್ಣಾಕಿದ್ದಾಗ ನನ್ನ ಜಡಿ ಆಕೀನ ಹಾಕತಿದ್ಲು. ಎಷ್ಟ ಬೆಳ್ಳಗಾಗ್ಯಾವು ನೋಡ್ರಿ, ದವಾಖಾನ್ಯಾಗ ಸೈತ ತಲೀಮ್ಯಾಲ ಸೆರಗ ಇರತಿತ್ತು, ನನಗ ಗೊತ್ತಾಗಿರಲಿಲ್ಲ."

ಮಧ್ಯಾಹ್ನದ ನಮಾಜು ಮುಗಿದ ಮೇಲೆ ಟೆಂಪೋ ಹೊರಟಿತು. ಊರ ಹದ್ದಿನ ತನಕ ನಾನೂ ಬರುತ್ತೇನೆ ಎಂದಳು ಕರೀಮಾಬೀ. ತಿರುಗಿ ಕರೆತರಲು ನಾನೂ ಹತ್ತಿದೆ. ಹಿಂದೆ ಅಕ್ಕನ ಪಕ್ಕ ಅವಳು, ಎದುರಿಗೆ ಅಣ್ಣ ಮತ್ತು ಭಾವ. ಟಿಳಕವಾಡಿ ದಾಟಿತು, ರೈಲ್ವೆ ಗೇಟು ದಾಟಿತು, ಉದ್ಯಮಬಾಗದ ಫೌಂಡ್ರಿಗಳು ರಜೆಯಲ್ಲಿ ಸುಮ್ಮನಿದ್ದವು. ಆಮೇಲೆ ಖಾನಾಪುರ ರಸ್ತೆಯ ಜಕಾತಿ ನಾಕಾ, ಶಹರದ ಹದ್ದು ಅಲ್ಲಿಗೆ ಮುಗಿಯಿತು. ಜಕಾತಿ ರದ್ದಾಗಿ ನಾಲ್ಕೈದು ವರ್ಷವಾಗಿತ್ತು. ಅಡ್ಡಗಟ್ಟುವ ಕಂಬ ಕಿತ್ತು ಗಟಾರದಲ್ಲಿ ಬಿದ್ದಿತ್ತು, ಕಾರಕೂನ ಕೂರುತ್ತಿದ್ದ ತಗಡಿನ ಗೂಡಿನಲ್ಲಿ ಒಂದು ಆಡು ಮಲಗಿತ್ತು. ಪೊಲೀಸರಿರಲಿಲ್ಲ. ನರಪಿಳ್ಳೆಯೂ ಇರಲಿಲ್ಲ.

ಕರೀಮಾಬೀ ಗಾಡಿ ನಿಲ್ಲಿಸಲು ಹೇಳಿದಳು. ಅಕ್ಕನ ಹೊದಿಕೆಯನ್ನು ಕಾಲಿನ ಹತ್ತಿರ ಒಮ್ಮೆ ಸರಿಮಾಡಿ ಕೆಳಗಿಳಿದಳು, ಹಿಂದೆಯೇ ನಾನೂ ಇಳಿದೆ. ಸರದಾರಸಾಬ ಅವಳ ತೋಳು ಹಿಡಿದ.

"ಇಳೀಬ್ಯಾಡ ಮುನ್ನಿ. ಹತ್ತು. ಆದದ್ದು ಆಗಲಿ. ಕೆಲಸ ಹೋದ್ರ ಹೋಗಲಿ, ಜೈಲಿಗೆ ಹಾಕಿದ್ರ ಹಾಕಲಿ. ಹತ್ತು." ಅವನು ಅಳುತ್ತಿದ್ದ. ಅಷ್ಟು ದೊಡ್ಡ ಮನುಷ್ಯ ಅಳುವುದನ್ನು ನೋಡಲಾಗದೆ ನಾನು ಮುಖ ತಿರುಗಿಸಿದೆ.

ಅವಳು ಅವನ ಕೈಯನ್ನು ಬಿಡಿಸಿ, ಅದೇ ಕೈಯ ಮೇಲೆ ಒಮ್ಮೆ ಸವರಿದಳು.

"ಖಬರಸ್ತಾನಕ್ಕ ಹೆಂಗಸರು ಹೋಗೂದಿಲ್ಲಲ್ಲೋ ಭಾಯಿ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಅದಕ್ಕ ಇಳದೆ. ಬ್ಯಾರೆ ಏನೂ ಇಲ್ಲ, ನೀ ಮನಸಿಗೆ ಹಚ್ಚಿಕೋಬ್ಯಾಡ. ಹೋಗ್ರಿ, ಹೊತ್ತಾತು."

ಖಬರಸ್ತಾನದ ಮಾತು ಹಾಗಿರಲಿ. ಅದಕ್ಕೂ ಮೊದಲು ಟೆಂಪೋ ಹೋಗುವುದು ಆ ಮನೆಗೆ, ಅಲ್ಲಿ ಖಾನಾಪುರದ ಹೆಂಗಸರೆಲ್ಲ ಕೂಡಿ ಅಳುತ್ತ ಕಾಯುತ್ತಿದ್ದರು. ಅಲ್ಲಿಯ ತನಕ ಅವಳು ಹೋಗಬಹುದಿತ್ತು. ಇದು ಸರದಾರಸಾಬನಿಗೆ ಗೊತ್ತಿತ್ತು, ಅವನಿಗೆ ಗೊತ್ತಿದೆ ಎಂದು ಅವಳಿಗೂ ಗೊತ್ತಿತ್ತು. ಆದರೂ ಅವನು ಆ ಮಾತನ್ನೇ ಹಿಡಿದು ತಲೆಯಾಡಿಸಿದ. ಟೆಂಪೋ ಹೊರಟಿತು.

ನನಗೆ ಆ ಕಾಗದ ಬರೆದವರನ್ನು, ಓದಿದವರನ್ನು, ಊರಿಗೆ ಹದ್ದು ಹಾಕಿದವರನ್ನು ಎಲ್ಲರನ್ನೂ ಬೈಯಬೇಕೆನಿಸಿತು. ಬೈಯಲು ಅಲ್ಲಿದ್ದದ್ದು ಆ ಆಡು ಒಂದೇ. ಕರೀಮಾಬೀ ರಸ್ತೆಯ ಬದಿಗೆ ನಿಂತು ಟೆಂಪೋ ಕಾಣುವಷ್ಟು ಹೊತ್ತು ನೋಡಿದಳು. ಆಮೇಲೂ ಸ್ವಲ್ಪ ಹೊತ್ತು ನೋಡಿದಳು.

"ಬಾಯಾರ, ನೀವು ಎರಡ ಸಲ ಹೋಗಿದ್ರಲ್ಲ" ಎಂದಳು. "ನಮ್ಮ ಮನಿ ಬಾಗಲಾ ಈಗ ಯಾವ ಬಣ್ಣ ಐತಿ?"

"ಹಸರು" ಎಂದೆ.

"ಮೊದಲ ನೀಲಿ ಇತ್ತು" ಎಂದಳು ಕರೀಮಾಬೀ. ಬೆಳಗಾವಿಯ ಕಡೆ ಹೋಗುವ ಬಸ್ಸು ಬರುತ್ತಿತ್ತು, ಕೈ ಎತ್ತಿ ನಿಲ್ಲಿಸಿದಳು.